ಶಿಕಾರಿಪುರ–ಸೊರಬ ಸೀಮೆಯ ಗೇಮ್‌ಪ್ಯಾಡ್ ತಾಮ್ರಪಟ: ಒಂದು ಅಧಿಕಪ್ರಸಂಗ

ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಸೊರಬದವು 1904ರಲ್ಲಿ ಎಂಟನೇ ಸಂಪುಟದಲ್ಲಿ ಬಂದವು. ಅವುಗಳಲ್ಲಿ ದಾನದತ್ತಿಯಿದೆ, ಕೆರೆಯಿದೆ, ತುರುಗೋಳಿನಲ್ಲಿ ಸತ್ತ ವೀರರಿದ್ದಾರೆ. ಅಗ್ಗದ ಗೇಮ್‌ಪ್ಯಾಡನ್ನು ಬಿಚ್ಚಿ ಮನೆಯಲ್ಲೇ ಮಾಡಿದ ಆರ್ಕೇಡ್ ಪೆಟ್ಟಿಗೆಗೆ ಜೋಡಿಸುವ ವಿಧಾನ ಮಾತ್ರ ಎಲ್ಲೂ ಇಲ್ಲ. ವಿದ್ಯೆಯನ್ನು ಗುಟ್ಟಾಗಿ ಕಾಪಾಡಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕೆ? ಪ್ರಸ್ತುತ ಪ್ರಬಂಧದ ಪಾಯ ಈ ಮೌನವೇ.

ಪರೋಕ್ಷ ಸಾಕ್ಷ್ಯಗಳಿಗೆ ಬರವಿಲ್ಲ. ತಾಳಗುಂದದ ಕಂಬಶಾಸನದಲ್ಲಿ ಕವಿ ಕುಬ್ಜ ಹೇಳುವಂತೆ, ಮಯೂರಶರ್ಮ ಓದಲೆಂದು ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಗಿ ಕತ್ತಿ ಹಿರಿದ. ಓದು ಬಿಟ್ಟು ಫೈಟಿಂಗಿಗೆ ಇಳಿದ ಹುಡುಗನ ಬಗ್ಗೆ ಈ ಸೀಮೆಯಲ್ಲಿ ಸಿಗುವ ಹಳೆಯ ದಾಖಲೆ ಇದು. ಈಗಿನ ಅಪ್ಪ–ಅಮ್ಮಂದಿರಾದರೆ ಇದನ್ನು ದೂರು ಎನ್ನುತ್ತಾರೆ. ಕುಬ್ಜ ಪ್ರಶಸ್ತಿಯನ್ನಾಗಿ ಬರೆದ. ಇನ್ನು ಬಳ್ಳಿಗಾವಿಯ ಕೋಡಿಯಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದು 1162ರ ಶಾಸನ ವಿವರವಾಗಿ ಹೇಳುತ್ತದೆ. ಸೋಲ್ಡರಿಂಗ್ ಆ ಸಿಲೆಬಸ್ಸಿನಲ್ಲಿರಲಿಲ್ಲ.

ಮೂಲ ಆಕರಕ್ಕೆ ಬರೋಣ. ಅಗ್ಗದ ಯುಎಸ್‌ಬಿ ಪ್ಯಾಡಿನ ಬೆನ್ನಿನ ಸ್ಕ್ರೂಗಳನ್ನು ಬಿಚ್ಚಿದರೆ ಒಳಗೆ ಸಿಗುವುದು ಸಾಕ್ಷಾತ್ ತಾಮ್ರಪಟ: ತಾಮ್ರದಲ್ಲೇ ಮೂಡಿಸಿದ ಗೆರೆಗಳು, ಕಡಗದ ಜಾಗದಲ್ಲಿ ಯುಎಸ್‌ಬಿ ವೈರು, ರಾಜಮುದ್ರೆಯ ಜಾಗದಲ್ಲಿ ಚಿಪ್ಪನ್ನು ಮುಚ್ಚಿದ ಕರಿ ಬೊಟ್ಟು. ಶಾಪಾಶಯವೂ ಉಂಟು. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂದು ಹಳೆಯ ಪಟಗಳು ಹೆದರಿಸುತ್ತಿದ್ದವು. ಸ್ಟಿಕ್ಕರ್ ಹರಿದರೆ ವಾರಂಟಿ ಇಲ್ಲವೆಂದು ಇವು ಹೆದರಿಸುತ್ತವೆ. ವಾರಂಟಿಯೇ ಇಲ್ಲದ ಪ್ಯಾಡಿಗೆ ಯಾವ ಶಾಪವೂ ತಟ್ಟದು. ಆದ್ದರಿಂದಲೇ ವಿದ್ವಾಂಸರ ಒಲವು ಅಗ್ಗದ ಮಾಲಿನ ಕಡೆಗೆ.

ಲಿಪಿ ಓದುವುದು ಕಷ್ಟವಲ್ಲ. ಪ್ರತಿ ಬಟನ್ನಿನ ಅಡಿಯಲ್ಲಿ ಒಂದನ್ನೊಂದು ಮುಟ್ಟದ ಎರಡು ಗೆರೆಗಳಿರುತ್ತವೆ. ಮೇಲಿನ ರಬ್ಬರಿಗೆ ಅಂಟಿದ ಕಾರ್ಬನ್ ಬಿಲ್ಲೆ ಇಳಿದು ಎರಡನ್ನೂ ಕೂಡಿಸಿದಾಗ ಚಿಪ್ಪಿಗೆ ಸುದ್ದಿ ಮುಟ್ಟುತ್ತದೆ. ಅಷ್ಟೇ. 1991ರ ಸ್ಟ್ರೀಟ್ ಫೈಟರ್ 2 ಆಟದ ಆರು ಗುಂಡಿಗಳ ಯಂತ್ರದಲ್ಲಿ ಹುಡುಗರು ಕೈ ನೋಯುವಂತೆ ಬಡಿಯುತ್ತಿದ್ದ ಬಟನ್ ಮಾಡಿದ್ದೂ ಇದನ್ನೇ. ರಬ್ಬರಿನ ಬದಲು ಅಲ್ಲಿ ಮೈಕ್ರೋಸ್ವಿಚ್ ಇತ್ತು, ಅಷ್ಟೇ ವ್ಯತ್ಯಾಸ. ತನ್ನನ್ನು ಕರೆದದ್ದು ರಬ್ಬರೋ ಸ್ವಿಚ್ಚೋ ಎಂದು ಚಿಪ್ಪಿಗೆ ತಿಳಿಯದು. ಆದ್ದರಿಂದ ಗೆರೆಗಳ ಮೇಲಿನ ಕರಿ ಲೇಪವನ್ನು ಬ್ಲೇಡಿನಿಂದ ಹೆರೆದು ತಾಮ್ರ ಕಾಣಿಸಬೇಕು, ಏಕೆಂದರೆ ಕಾರ್ಬನ್ನಿಗೆ ಬೆಸುಗೆ ಹಿಡಿಯುವುದಿಲ್ಲ. ಅಲ್ಲಿಂದ ಸಣ್ಣ ವೈರುಗಳನ್ನು ತಂದು ಸ್ವಿಚ್ಚಿನ ಮೂರು ಕಾಲುಗಳ ಪೈಕಿ ಕಾಮನ್ ಮತ್ತು ನಾರ್ಮಲಿ ಓಪನ್‌ಗೆ ಕೂಡಿಸಬೇಕು. ಮೂರನೆಯ ಕಾಲಿಗೆ ಕೊಟ್ಟರೆ ಬಟನ್ ಮುಟ್ಟದಿದ್ದಾಗಲೂ ಗುಂಡು ಹಾರುತ್ತಲೇ ಇರುತ್ತದೆ. ಬೆಸುಗೆಯ ಮೇಲೆ ಗ್ಲೂ ಗನ್ನಿನ ಒಂದು ತೊಟ್ಟು ಬೀಳಲೇಬೇಕು. ಇಲ್ಲದಿದ್ದರೆ ವೈರು ಗೆರೆಯನ್ನೇ ಕಿತ್ತುಕೊಂಡು ಬರುತ್ತದೆ. ಶಾಸನಶಾಸ್ತ್ರದಲ್ಲಿ ಇದಕ್ಕೆ ತ್ರುಟಿತ ಪಾಠ ಎನ್ನುತ್ತಾರೆ.

ಇಲ್ಲಿ ಎರಡು ಪಂಥಗಳು. ಎಲ್ಲ ಬಟನ್ನುಗಳ ಒಂದು ಗೆರೆ ಒಂದೇ ಗ್ರೌಂಡಿನಲ್ಲಿ ಲೀನವಾಗುತ್ತದೆ ಎಂಬುದು ಅದ್ವೈತಿಗಳ ನಿಲುವು. ಹಾಗಿದ್ದರೆ ಒಂದೇ ವೈರು ಎಲ್ಲ ಸ್ವಿಚ್ಚುಗಳ ಕಾಮನ್ ಕಾಲುಗಳನ್ನು ಸುತ್ತಿ ಬರಬಹುದು. ಕೆಲವು ಪ್ಯಾಡುಗಳು ಮಾತ್ರ ಬಟನ್ನುಗಳನ್ನು ಅಡ್ಡಸಾಲು–ಉದ್ದಸಾಲುಗಳ ಮ್ಯಾಟ್ರಿಕ್ಸಿನಲ್ಲಿ ಓದುತ್ತವೆ. ಅಲ್ಲಿ ಪ್ರತಿ ಬಟನ್ನಿಗೂ ಬೇರೆಯೇ ಜೋಡಿ ವೈರು ಬೇಕೆಂದು ದ್ವೈತಿಗಳು ಪಟ್ಟು ಹಿಡಿಯುತ್ತಾರೆ. ವಾದ ತೀರಿಸಲು ಮಲ್ಟಿಮೀಟರ್ ಸಾಕು. ಅದು ಬೀಪ್ ಎಂದರೆ ಶಬ್ದಪ್ರಮಾಣ.

ಅನಲಾಗ್ ಕೋಲನ್ನು ಕಿತ್ತು ಸುಮ್ಮನೆ ಬಿಟ್ಟವರ ಮನೆಯಲ್ಲಿ ನಾಯಕ ತಾನಾಗಿಯೇ ನಡೆಯತೊಡಗುತ್ತಾನೆ. ದೆವ್ವದ ಚೇಷ್ಟೆಯಲ್ಲ. ಕೋಲಿನ ಪೊಟೆನ್ಶಿಯೋಮೀಟರ್ ನಡುವಿನ ಕಾಲಿನಲ್ಲಿ ಅರ್ಧ ವೋಲ್ಟೇಜ್ ಕಂಡಾಗ ಮಾತ್ರ ಚಿಪ್ಪು ಅವನನ್ನು ನಿಂತಿದ್ದಾನೆಂದು ನಂಬುತ್ತದೆ. ಕಿತ್ತ ಜಾಗದಲ್ಲಿ, ಪ್ರತಿ ದಿಕ್ಕಿನ ಜೋಡಿಗೂ ಸಮಾನ ಬೆಲೆಯ ಎರಡು ರೆಸಿಸ್ಟರುಗಳನ್ನು ಹಾಕಿ ನಡುಬಿಂದುವನ್ನು ಆ ನಡುವಿನ ಕಾಲಿನ ಜಾಗಕ್ಕೆ ಕೊಟ್ಟರೆ ಶಾಂತಿ.

ಉಳಿದದ್ದು ಮರಗೆಲಸ. ಸೊರಬ–ಸಾಗರದ ಗುಡಿಗಾರರ ಗಂಧದ ಕೆತ್ತನೆ ಲೋಕಪ್ರಸಿದ್ಧ. ಆದರೆ ಪೆಟ್ಟಿಗೆಯನ್ನೇ ಗಂಧದಲ್ಲಿ ಮಾಡಿಸಹೊರಟರೆ ಅರಣ್ಯ ಇಲಾಖೆ ಎರಡನೇ ಆಟಗಾರನಾಗಿ ಬಂದು ಸೇರಿಕೊಳ್ಳುತ್ತದೆ. ಪ್ಲೈವುಡ್ಡೇ ಕ್ಷೇಮ. ಚಿಟಕ್ಕೆಂದು ಕೂರುವ ಬಟನ್ನುಗಳು ತೆಳು ಹಲಗೆಗಷ್ಟೇ ಹಿಡಿಯುತ್ತವೆ. ದಪ್ಪ ಪ್ಲೈವುಡ್ಡಿಗೆ ನಟ್ಟು ತಿರುಗಿಸುವಂಥವೇ ಬೇಕು. ಜಾಯ್‌ಸ್ಟಿಕ್ಕಿನ ವಿಷಯದಲ್ಲಿ ಪಂಡಿತರೂ ಎಡವಿದ್ದಾರೆ: ಕೋಲು ನಡುವೆ ತಿರುಗುವುದರಿಂದ, ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಅಡಿಯ ತುದಿ ಹಿಂದಕ್ಕೆ ಹೋಗಿ ಹಿಂದಿನ ಸ್ವಿಚ್ಚನ್ನು ಒತ್ತುತ್ತದೆ. ಮೇಲಕ್ಕೆ ಎಂಬ ವೈರನ್ನು ಅಲ್ಲಿಗೇ ಕೊಡಬೇಕು. ಹಲಗೆಯನ್ನು ಮಗುಚಿ ವೈರು ಹಾಕುವಾಗ ಎಡ–ಬಲವೂ ಅದಲುಬದಲಾಗುತ್ತದೆ ಎಂಬುದು ಇದರ ಮೇಲಿನ ಟೀಕಾಟಿಪ್ಪಣಿ.

ಕೊನೆಗೆ ದಾಯಾದಿ ಕಲಹ. ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಬಿಡುಗಡೆ ಮಾಡಿದ ಮೇಮ್ ತಂತ್ರಾಂಶದಲ್ಲಿ ಹಳೆಯ ಆರ್ಕೇಡ್ ಆಟಗಳು ಕಂಪ್ಯೂಟರಿನಲ್ಲಿ ನಡೆಯುತ್ತವೆ. ಆದರೆ ಒಂದೇ ಮಾಡೆಲಿನ ಎರಡು ಪ್ಯಾಡು ಕೊಂಡರೆ ಎರಡಕ್ಕೂ ಒಂದೇ ಹೆಸರು. ಕಂಪ್ಯೂಟರ್ ಆರಿಸಿ ಹಚ್ಚಿದಾಗ ಕ್ರಮ ಬದಲಾದರೆ, ಅಣ್ಣ ಒತ್ತಿದ ಕಿಕ್ ತಮ್ಮನ ಕಾಲಿನಿಂದ ಹೊರಡುತ್ತದೆ. ಬೇರೆ ಬೇರೆ ಮಾಡೆಲಿನ ಎರಡು ಪ್ಯಾಡು ಕೊಂಡರೆ ಮೇಮ್‌ನ ಸೆಟ್ಟಿಂಗಿನಲ್ಲಿ ಇದು ಅಣ್ಣನದು, ಅದು ತಮ್ಮನದು ಎಂದು ಖಾಯಂ ಪಾಲುಪಟ್ಟಿ ಬರೆದಿಡಬಹುದು. ಡಿಸ್ಕೌಂಟಿನ ಆಸೆಗೆ ಜೋಡಿ ಪ್ಯಾಕ್ ಕೊಂಡವರ ವ್ಯಾಜ್ಯ ಇನ್ನೂ ವಿಚಾರಣೆಯಲ್ಲಿದೆ.