ರಾಜಕುಮಾರನ ಸೀಸೆ, ಅಕ್ಕನ ಹಾಲಿನ ಲೆಕ್ಕ

ಅಕ್ಕನನ್ನು ಮಡಕಶಿರಾದಿಂದ ರಾಯದುರ್ಗಕ್ಕೆ ಕೊಟ್ಟಿದ್ದೇವೆ. ಆಗ ಎರಡೂ ಅನಂತಪುರ ಜಿಲ್ಲೆಯ ಊರುಗಳೇ. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದು 2022ರಲ್ಲಿ. ಆದರೂ ಪಾವಗಡದ ಮೇಲೆ ಹೋದರೆ ಬಸ್ಸು ಆಂಧ್ರ ಬಿಟ್ಟು ಕರ್ನಾಟಕ ಹೊಕ್ಕು ಮತ್ತೆ ಆಂಧ್ರಕ್ಕೆ ಬರುತ್ತದೆ. ಹೀಗೆ ಎರಡೆರಡು ಸಲ ಗಡಿ ದಾಟಿ ನಾನು ರಜಕ್ಕೆ ಹೋಗುತ್ತಿದ್ದುದು ಅಕ್ಕನನ್ನು ನೋಡಲಿಕ್ಕಲ್ಲ. ಅದು ಅವಳಿಗೂ ಗೊತ್ತಿತ್ತು.

ಭಾವ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಎರಡು ಮೆಷಿನ್ನು, ಒಂದು ಫ್ಯಾನು. ಫ್ಯಾನಿನ ಮುಖ ಮೆಷಿನ್ನಿನ ಕಡೆಗೆ, ಬೆವರುವ ಕೆಲಸ ವಿದ್ಯಾರ್ಥಿಗಳದ್ದು. ಚಪ್ಪಲಿ ಹೊರಗೆ. ಹಗಲೆಲ್ಲ ವರ್ಡ್‌ಸ್ಟಾರ್, ಲೋಟಸ್. ಸಂಜೆ ಕೊನೆಯ ಬ್ಯಾಚು ಎದ್ದ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ‘ಪ್ರಿನ್ಸ್ ಆಫ್ ಪರ್ಷಿಯಾ’. ಪಕ್ಕದಲ್ಲಿ ಹುರಿದ ಶೇಂಗಾ (ನಮ್ಮೂರಲ್ಲಿ ಅದು ಕಡ್ಲೇಕಾಯಿ). ಸಿಪ್ಪೆ ಕೀಬೋರ್ಡಿನ ಸಂದಿಗೆ ಬಿದ್ದು ಸ್ಪೇಸ್‌ಬಾರ್ ಒತ್ತಿದರೆ ಕರಕರ ಎನ್ನುತ್ತಿತ್ತು.

ಜೋರ್ಡನ್ ಮೆಕ್ನರ್ ಎಂಬಾತ 1989ರಲ್ಲಿ ಆಪಲ್ 2ಕ್ಕೆಂದು ಬರೆದ ಆಟ ಅದು. ಮರುವರ್ಷ ಡಾಸ್‌ಗೂ ಬಂತು. ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದರ ಮೇಲಿಂದ ರಾಜಕುಮಾರನನ್ನು ಬಿಡಿಸಿದನಂತೆ. ತಮ್ಮಂದಿರು ಇರುವುದೇ ಅದಕ್ಕೆ. 60 ನಿಮಿಷದೊಳಗೆ ಜಾಫರನ ಕೈಯಿಂದ ರಾಜಕುಮಾರಿಯನ್ನು ಬಿಡಿಸಬೇಕು. ಆಗಿನ ಕರೆಂಟು 60 ನಿಮಿಷ ಒಂದೇ ಸಮನೆ ನಿಂತದ್ದು ನನಗೆ ನೆನಪಿಲ್ಲ. ಜಾಫರನನ್ನು ನಾವು ಸುಮ್ಮನೆ ಬೈಯುತ್ತಿದ್ದೆವು.

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಹೊಸ ಲ್ಯಾಪ್‌ಟಾಪು ತಂದಿದ್ದ. “ಇದರಲ್ಲಿ ಪ್ರಿನ್ಸ್ ಓಡುತ್ತೇನೋ?” ಅಂದೆ. ಭಾವನಿಗೆ ಅಷ್ಟು ಸಾಕಾಯಿತು. ಅಟ್ಟದಿಂದ ತಗಡಿನ ಟ್ರಂಕು ಇಳಿಯಿತು. ಮೆಕ್ನರ್ ಕಳೆದುಕೊಂಡಿದ್ದ ಮೂಲ ಕೋಡಿನ ಫ್ಲಾಪಿಗಳು 2012ರಲ್ಲಿ ಅವನ ಅಪ್ಪನ ಕಪಾಟಿನಲ್ಲಿ ಸಿಕ್ಕಿ, ಬಲ್ಲವರು ಕೂತು ಅವನ್ನು ಓದಿ ತೆಗೆದರಂತೆ. ಅಮೆರಿಕದ ಕಪಾಟಿನಲ್ಲಿ ಉಳಿದದ್ದು ರಾಯದುರ್ಗದ ಟ್ರಂಕಿನಲ್ಲಿ ಉಳಿಯದೆ? ನಾನು ಯುಎಸ್‌ಬಿ ಫ್ಲಾಪಿ ಡ್ರೈವ್ ತರಿಸಿದೆ. ಭಾವ ಹತ್ತಿಗೆ ಸ್ಪಿರಿಟ್ಟು ಅದ್ದಿ ಒಂಬತ್ತು ಫ್ಲಾಪಿಗಳಿಗೂ ಬಾಣಂತನ ಮಾಡಿದರು. ಎಂಟು ಗರ್ರೆಂದು ಪ್ರಾಣ ಬಿಟ್ಟವು.

ಬದುಕಿದ ಒಂಬತ್ತನೆಯದರಲ್ಲಿ ಆಟ ಇರಲಿಲ್ಲ. ಫೀಸು ಬಾಕಿದಾರರ ಪಟ್ಟಿ ಇತ್ತು, ವರ್ಡ್‌ಸ್ಟಾರಿನದು. ವರ್ಡ್‌ಸ್ಟಾರಿಗೆ ಒಂದು ಚಾಳಿ: ಪದದ ಕೊನೆಯ ಅಕ್ಷರಕ್ಕೆ ತನ್ನದೊಂದು ಗುರುತು ಸೇರಿಸಿಡುತ್ತದೆ. ಈಗಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಎಲ್ಲರ ಹೆಸರಿನ ಬಾಲವೂ ಸೊಟ್ಟ. ಭಾವ ಕನ್ನಡಕ ಏರಿಸಿಕೊಂಡರು. “ಬಾಲ ಇಲ್ಲದಿದ್ರೇನು, ಮುಖ ನೆನಪೈತೆ. ಇವನೀಗ ಬಳ್ಳಾರೀಲಿ ಜೀನ್ಸ್ ಅಂಗಡಿ ಇಟ್ಟಿದಾನೆ. 250 ರೂಪಾಯಿ!” ಪ್ರಿನ್ಸ್ ಬಿಟ್ಟು ವಸೂಲಿಗೆ ಹೊರಡುವ ಲಕ್ಷಣ ಕಂಡು ನಾನು ಅವರನ್ನು ಕೂರಿಸಿದೆ.

ಅಷ್ಟರಲ್ಲಿ ಹುಡುಗ ಎರಡೇ ನಿಮಿಷದಲ್ಲಿ ಆಟ ಹುಡುಕಿಬಿಟ್ಟಿದ್ದ. ಇಂಟರ್ನೆಟ್ ಆರ್ಕೈವ್‌ನವರು 2015ರಿಂದಲೇ ಸಾವಿರಾರು ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡುವ ಹಾಗೆ ಇಟ್ಟಿದ್ದಾರಂತೆ. ಇದನ್ನು ಅವನು ಸ್ಪಿರಿಟ್ಟು ಖಾಲಿಯಾಗುವ ಮೊದಲೇ ಹೇಳಬಹುದಿತ್ತು. ಭಾವ ಒಪ್ಪಲಿಲ್ಲ; ಆಟ ನಮ್ಮ ಮೆಷಿನ್ನಿನಲ್ಲೇ ಇರಬೇಕು. 64 ಬಿಟ್‌ನ ವಿಂಡೋಸು 16 ಬಿಟ್‌ನ ಮುದುಕನನ್ನು ಹೊಸ್ತಿಲು ದಾಟಿಸುವುದಿಲ್ಲ. ಅದಕ್ಕೆ ಡಾಸ್‌ಬಾಕ್ಸ್ ಬಂತು.

“ಹಳೇ ಕಾಲದ ಮೆಷಿನ್ ಥರ ನಟಿಸು ಅಂತ ಹೇಳೋದು ಮಾಮ. ವೇಗಾನೂ ನಾವೇ ಇಳಿಸಬೇಕು.”

ಎಂಬತ್ತು ಸಾವಿರ ಕೊಟ್ಟು ತಂದದ್ದನ್ನು ನಿಧಾನ ಮಾಡುವುದು! ನಾನು ಕಂಟ್ರೋಲ್ ಎಫ್11 ಒತ್ತಿಒತ್ತಿ ಅತಿ ಮಾಡಿದೆ. ರಾಜಕುಮಾರ ಕಲ್ಯಾಣದುರ್ಗದ ರಸ್ತೆಯ ನಮ್ಮ ಬಸ್ಸಿನಂತೆ ತೆವಳತೊಡಗಿದ. ಎಫ್12 ಒತ್ತಿ ಸರಿ ಮಾಡಿದ್ದಾಯಿತು.

ನಿಜ ಹೇಳಬೇಕೆಂದರೆ ಹೀಗೆ ಒಂದರೊಳಗೆ ಇನ್ನೊಂದನ್ನು ಓಡಿಸುವ ವಿದ್ಯೆ ನಮ್ಮ ಕಡೆಯವರಿಗೆ ಹೊಸದಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿನ ಪಾಲಾದಾಗ ರಾಯದುರ್ಗ ತಾಲ್ಲೂಕು ಆಂಧ್ರದ ಪಾಲಾಯಿತು. ಅಂದಿನಿಂದ ಹೊರಗಿನ ಪರದೆ ತೆಲುಗು, ಅಕ್ಕನ ಅಡಿಗೆಮನೆಯಲ್ಲಿ ಓಡುತ್ತಿರುವುದು ಕನ್ನಡ. ವೇಗ ಇಳಿಸಿ ಎಂದು ಯಾರೂ ಹೇಳಬೇಕಾಗಿಲ್ಲ.

ಮೊದಲ ಹಂತ ದಾಟಿತು. ಆಮೇಲೆ ಸೀಸೆಗಳ ಕೋಣೆ. ಕಳ್ಳ ಪ್ರತಿ ಮಾಡುವವರನ್ನು ಹಿಡಿಯಲು ಇಟ್ಟ ಬಲೆ ಅದು: ಕೈಪಿಡಿಯ ಇಂಥ ಪುಟ, ಇಂಥ ಸಾಲು, ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಅಕ್ಷರದ ಸೀಸೆ ಕುಡಿದರೇ ಬಾಗಿಲು ತೆಗೆಯುವುದು. ಆ ಕೈಪಿಡಿಯನ್ನು ನಮ್ಮಲ್ಲಿ ಯಾರೂ ಕಣ್ಣಿಂದ ನೋಡಿದವರಲ್ಲ.

ಭಾವ ಎದ್ದು ಒಳಗೆ ಹೋಗಿ ರಟ್ಟು ಕಿತ್ತ ಒಂದು ರೂಲು ನೋಟ್‌ಬುಕ್ ತಂದರು. ಐದಾರು ಬ್ಯಾಚಿನ ಹುಡುಗರು ಕುಡಿದು, ಸತ್ತು, ಮತ್ತೆ ಕುಡಿದು ಕಂಡುಹಿಡಿದ ಅಕ್ಷರಗಳೆಲ್ಲ ಅದರಲ್ಲಿದ್ದವು, ಸಾಲುಸಾಲಾಗಿ. ನೋಟ್‌ಬುಕ್ಕು ಮೊದಲು ಅಕ್ಕನದು. ಅದೇ ಸಾಲುಗಳ ಅಂಚಿನಲ್ಲಿ ಅವಳ ಹಾಲಿನ ಲೆಕ್ಕ, ಲೀಟರಿಗೆ ಇಂಗ್ಲಿಷಿನ ಎಲ್. ನಮಗೆ ಬೇಕಾದ ಸಾಲಿನ ಮೇಲೆ ಯಾವಾಗಲೋ ಕಾಫಿ ಚೆಲ್ಲಿತ್ತು. ಮಸಿ ಹರಡಿ ಉಳಿದದ್ದು ಒಂದೇ ಒಂದು ಎಲ್.

“ಇದು ಸೀಸೇದು” ಅಂದೆ.

“ಏ, ಹಾಲಿಂದು. ಅವಳ ಎಲ್ ಹಿಂಗೇ ಬಾಗಿರತೈತಿ” ಅಂದರು ಭಾವ.

ಪರದೆಯ ಮೇಲೆ ರಾಜಕುಮಾರ ಕೈಕಟ್ಟದೆ ನಿಂತೇ ಇದ್ದ. ಮೂವರೂ ನೋಟ್‌ಬುಕ್ಕನ್ನು ಬೆಳಕಿಗೆ ಹಿಡಿದೆವು. ಅಳಿಯ ಫೋಟೊ ತೆಗೆದು ದೊಡ್ಡದು ಮಾಡಿದ. ಕಾಫಿ ಕಲೆಯೂ ದೊಡ್ಡದಾಯಿತು. ಅಕ್ಕ ಕೈಯೊರೆಸಿಕೊಳ್ಳುತ್ತ ಬಂದು ಪುಟದ ತಲೆಯಲ್ಲಿದ್ದ ತಿಂಗಳ ಹೆಸರನ್ನು ಒಮ್ಮೆ ನೋಡಿದಳು.

“ಹಾಲಿಂದಲ್ಲ. ಆ ತಿಂಗಳು ಎಮ್ಮೆ ಬತ್ತಿತ್ತು.”

ಎಲ್ ಕುಡಿಸಿದೆವು. ಬಾಗಿಲು ಕಿರ್ರೆಂದು ಮೇಲಕ್ಕೆದ್ದಿತು.