ಸ್ಕ್ರಮ್ ಮಾಸ್ಟರ್: ಹಿಟ್ನಾಳದ ಒಂದು ಮಾದರಿ

ಸಾಫ್ಟ್‌ವೇರ್ ಕಂಪನಿಗಳಲ್ಲಿ ಸ್ವತಃ ಒಂದು ಸಾಲು ಕೋಡನ್ನೂ ಬರೆಯದೆ, ಯಾರ ಮೇಲೂ ಅಧಿಕಾರ ಚಲಾಯಿಸದೆ, ತಂಡವು ತನ್ನ ಕೆಲಸದ ರೀತಿಯನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವುದನ್ನೇ ಉದ್ಯೋಗವಾಗಿಸಿಕೊಂಡ ವ್ಯಕ್ತಿಯನ್ನು ಸ್ಕ್ರಮ್ ಮಾಸ್ಟರ್ ಎನ್ನುತ್ತಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಂತ್ರಜ್ಞರು ಕೂಡಿ, ದಪ್ಪ ದಾಖಲೆಗಳಿಗಿಂತ ನಡೆಯುವ ಸಾಫ್ಟ್‌ವೇರ್ ಮುಖ್ಯವೆಂದು ಸಾರುವ ಅಜೈಲ್ ಪ್ರಣಾಳಿಕೆಯನ್ನು ಹೊರಡಿಸಿದರು. ಅವರಲ್ಲಿಬ್ಬರಾದ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ 1995ರಷ್ಟು ಹಿಂದೆಯೇ ಮಂಡಿಸಿದ್ದ ಸ್ಕ್ರಮ್ ಪದ್ಧತಿಯು, ಬೆಂಗಳೂರಿನ ಕಂಪನಿಗಳನ್ನು ಹಾದು, 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಸಮೇತ ಊರು ಸೇರಿದ ನೌಕರನೊಬ್ಬನ ಮೂಲಕ ತುಂಗಭದ್ರಾ ಅಣೆಕಟ್ಟೆಯ ಬಳಿಯ ಊರಾದ ಹಿಟ್ನಾಳಕ್ಕೂ ಬಂದು ನೆಲೆಸಿತು.

ಈ ವರ್ಗದ ಸಾಮಾನ್ಯ ಲಕ್ಷಣಗಳನ್ನು ಬೇಗನೆ ಹೇಳಿ ಮುಗಿಸಬಹುದು. ಬಣ್ಣಬಣ್ಣದ ಚೀಟಿಗಳ ಮೇಲಿನ ಮೋಹ, ಕೆಲಸದ ಗಾತ್ರವನ್ನು ಗಂಟೆಗಳಲ್ಲಿ ಹೇಳದೆ 1, 2, 3, 5, 8, 13 ಎಂಬ ಅಂಕಗಳಲ್ಲಿ ಅಳೆಯುವ ಹಟ, ಯಾವ ಉತ್ತರಕ್ಕೂ ‘ಛಲೋ ಆತ್ರಿ’ ಎನ್ನುವ ಔದಾರ್ಯ ಇವು ಎಲ್ಲ ಮಾದರಿಗಳಲ್ಲಿಯೂ ಕಾಣುತ್ತವೆ. ಹಿಟ್ನಾಳದ ಮಾದರಿಯು ಪ್ರತಿ ಮುಂಜಾನೆಯ 15 ನಿಮಿಷದ ಸಭೆಯಲ್ಲಿ ‘ನಿನ್ನಿ ಏನ್ ಮಾಡಿದ್ರಿ, ಇವತ್ತ ಏನ್ ಮಾಡ್ತೀರಿ, ಏನರ ಅಡಚಣಿ ಐತೇನ್ರಿ’ ಎಂದು ಎಲ್ಲರನ್ನೂ ಕೇಳುತ್ತದೆ. 2020ರ ಸ್ಕ್ರಮ್ ಕೈಪಿಡಿಯು ಈ ಮೂರು ಪ್ರಶ್ನೆಗಳನ್ನು ಕೈಬಿಟ್ಟಿದ್ದರೂ ಆ ಸುದ್ದಿಯನ್ನು ಅವನಿಗೆ ತಿಳಿಸುವ ಧೈರ್ಯ ಯಾರಿಗೂ ಬಂದಿಲ್ಲ. ಪ್ರಸ್ತುತ ಲೇಖನದ ಕರ್ತೃವು ಅಂಥ ಸಭೆಗಳಲ್ಲಿ ಕ್ಯಾಮೆರಾ ಮುಚ್ಚಿ ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರೆಂಬ ಆರೋಪವು ಇಲ್ಲಿ ಚರ್ಚಾರ್ಹವಲ್ಲ.

ವಿಸ್ತಾರವಾಗಿ ಪರಿಶೀಲಿಸಬೇಕಾದುದು ರೆಟ್ರೋಸ್ಪೆಕ್ಟಿವ್, ಅಂದರೆ ಎರಡು ವಾರಗಳ ಕೆಲಸದ ಕಂತು ಮುಗಿದ ಮೇಲೆ ತಂಡವು ಏನು ಸರಿಹೋಯಿತು, ಏನು ಕೆಟ್ಟಿತು ಎಂದು ಕೂತು ಯೋಚಿಸುವ ಸಭೆ. ಇದಕ್ಕಾಗಿ ಜಗತ್ತಿನಾದ್ಯಂತ ಹಾಯಿದೋಣಿಯೊಂದರ ಚಿತ್ರ ಬರೆದು, ಗಾಳಿಯ ಬಳಿ ನೆರವಾದ ಸಂಗತಿಗಳನ್ನೂ ಲಂಗರಿನ ಬಳಿ ಹಿಂದಕ್ಕೆ ಜಗ್ಗಿದ ಸಂಗತಿಗಳನ್ನೂ ಅಂಟಿಸುವ ರೂಢಿಯಿದೆ. ಸ್ಥಳೀಯತೆಯ ಅಭಿಮಾನಿಯಾದ ನಮ್ಮ ಮಾದರಿಯು ದೋಣಿಯನ್ನು ತೆಗೆದುಹಾಕಿ ಆನೆಗೊಂದಿಯ ಹರಿಗೋಲನ್ನು ಬರೆದು, ಅದರ ಲಂಗರು ಯಾವುದೆಂದು ಗಂಭೀರವಾಗಿ ಕೇಳಿದಾಗ, ಗಂಗಾವತಿಯ ಎಂಜಿನಿಯರನೊಬ್ಬನು ‘ಅಣ್ಣಾರ, ಹರಿಗೋಲಿಗಿ ಲಂಗರ ಎಲ್ಲಿಂದ ತರೂದ್ರಿ, ಹಾಯಿನೂ ಇಲ್ಲ, ಹುಟ್ಟ ಹಾಕೂದ ಬಿಟ್ರ ನಿಂತಲ್ಲೇ ಗರಗರ ತಿರಗತೈತಿ’ ಎಂದನು. ಅದನ್ನು ತಂಡದ ಕುರಿತ ಟೀಕೆಯೆಂದು ಗ್ರಹಿಸಿದ ಮಾದರಿಯು ‘ನಿಂತಲ್ಲೇ ತಿರುಗುವಿಕೆ’ ಎಂದು ಹಳದಿ ಚೀಟಿಯಲ್ಲಿ ಬರೆದು ಅಂಟಿಸಿತು. ಮುಂದಿನ ಮುಕ್ಕಾಲು ಗಂಟೆ ಅದರ ಪರಿಹಾರಕ್ಕೇ ಮೀಸಲಾಯಿತು.

ಇಷ್ಟಾದರೂ ಈ ಮನುಷ್ಯನನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ. 2024ರ ಆಗಸ್ಟ್ 10ರ ರಾತ್ರಿ ಹತ್ತಿರದ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತ ಹಚ್ಚಿದವರೆಲ್ಲ ದಿಕ್ಕೆಟ್ಟಿದ್ದ ಆ ವಾರ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಗೇಟಿನ ಬಾಯಿ ಮುಚ್ಚುವವರೆಗೆ, ಊರಲ್ಲಿ ಬೇರೆ ಮಾತಿರಲಿಲ್ಲ. ತಪ್ಪು ಯಾರದೆಂಬ ವಾದವು ಪ್ರತಿ ಚಹಾದ ಅಂಗಡಿಯಲ್ಲಿಯೂ ನಡೆಯುತ್ತಿರಲು, ಅವನೊಬ್ಬನು ಸಭೆಯಲ್ಲಿ ಆ ಮಾತನ್ನು ಬದಿಗಿಟ್ಟು, ತಂಡವು ಬಹುಕಾಲದಿಂದ ಮುಟ್ಟಿನೋಡದ ಸರಪಳಿ ಯಾವುದೆಂದು ಕೇಳಿದನು. ಪ್ರತಿಯೊಬ್ಬರೂ ತಮಗಾಗ ತಿಳಿದಿದ್ದಷ್ಟರಲ್ಲಿ ಒಳ್ಳೆಯದನ್ನೇ ಮಾಡಿದ್ದಾರೆಂದು ನಂಬಿ ಇಂಥ ಸಭೆಗೆ ಕೂಡಬೇಕೆಂಬುದು ನಾರ್ಮನ್ ಕರ್ತ್ ಎಂಬ ತಜ್ಞನು ಹಾಕಿಕೊಟ್ಟ ನಿಯಮ. ಆ ನಂಬಿಕೆಯ ನೆರಳಿನಲ್ಲಿ, ಬಾಯಿಬಿಡದ ಹುಡುಗಿಯೊಬ್ಬಳು, ದತ್ತಾಂಶದ ಬ್ಯಾಕಪ್ ದಿನವೂ ಆಗುತ್ತಿದ್ದರೂ ಅದರಿಂದ ಮರಳಿ ಪಡೆಯಲಾಗುವುದೇ ಎಂದು ಯಾರೂ ಪರೀಕ್ಷಿಸಿಲ್ಲವೆಂದಳು. ಪರೀಕ್ಷಿಸಿದಾಗ ಆಗಲಿಲ್ಲ. ಅದು ಸರಿಹೋಗುವವರೆಗೆ ಅವನು ದಿನವೂ ಫೋನ್ ಮಾಡಿ ಜನರನ್ನು ಪೀಡಿಸಿದನು; ‘ನಿಮಗೇನರ ಅಡಚಣಿ ಐತೇನ್ರಿ’ ಎಂದು ಅವನನ್ನು ಮಾತ್ರ ಯಾರೂ ಕೇಳಲಿಲ್ಲ.

ಮರುಕಂತಿನ ಸಭೆಗೆ ಅವನು ಹರಿಗೋಲನ್ನು ಬಿಟ್ಟು 33 ಗೇಟುಗಳನ್ನು ನೀಟಾಗಿ ಬರೆದು, ಒಂದೊಂದರ ಮೇಲೂ ಒಂದೊಂದು ಕೆಲಸದ ಹೆಸರು ಹಚ್ಚುತ್ತಾ ಬಂದನು. 18ರವರೆಗೆ ಸಭೆಯು ಸುಗಮವಾಗಿ ಸಾಗಿತು. ಮುಂದಿನ ಗೇಟಿಗೆ ತಮ್ಮ ಕೆಲಸದ ಹೆಸರು ಹಚ್ಚಿಸಿಕೊಳ್ಳಲು ಯಾರೂ ಒಪ್ಪದಿದ್ದುದರಿಂದ, ನಿಗದಿತ ಸಮಯವೆಲ್ಲ ಅಲ್ಲಿಯೇ ತೀರಿಹೋಯಿತು.