ಸ್ವಲ್ಪ ಟಚ್ ಆಗ್ತದೆ ಸಾರ್

ಪೆಟ್ರೋಲ್ ರೇಟು ಏರಿದ ಹಾಗೆಲ್ಲ ಮಲೆನಾಡಿನ ತೋಟದ ಜೀಪುಗಳು ಒಂದೊಂದಾಗಿ ಗ್ಯಾರೇಜು ಸೇರಿ, ಡೀಸೆಲ್ ಎಂಜಿನ್ ಹೊತ್ತು, ಹೊಗೆ ಬಿಡುತ್ತಾ ಹೊರಬಂದವು. ಹಿಂದೆ ತೊಟ್ಟಿ ಕಟ್ಟಿಸಿಕೊಂಡು ಗೊಬ್ಬರ, ಕಾಫಿ ಮೂಟೆ, ಒಮ್ಮೊಮ್ಮೆ ಮದುವೆ ದಿಬ್ಬಣವನ್ನೂ ಹೊರುತ್ತಿದ್ದ ನಮ್ಮ ಜೀಪಿನ ಸರದಿಯೂ ಬಂತು. ಗುಜರಿಯಲ್ಲಿ 2112 ಸಿಸಿಯ ಪ್ಯೂಜೋ ಎಂಜಿನ್ ಸಿಕ್ಕಿತು. ಮಹೀಂದ್ರಾದವರೇ ತಮ್ಮ ಜೀಪುಗಳಿಗೆ ಹಾಕುತ್ತಿದ್ದದ್ದು. ಹಾಗಾಗಿ ಗ್ಯಾರೇಜಿನ ಮೇಸ್ತ್ರಿಗೆ ಭಾರೀ ಧೈರ್ಯ. "ಸಂಜೆಗೆ ಕೂತ್ಕೊಳ್ತದೆ ಸಾರ್" ಎಂದರು.

ಕೂತಿತು, ಸುಳ್ಳಲ್ಲ. ಚೈನ್ ಬ್ಲಾಕ್‌ನಲ್ಲಿ ನೇತಾಡುತ್ತಾ ಬಂದು ಹೊತ್ತು ಮುಳುಗುವ ಮೊದಲೇ ಕೂತಿತು. ಆಮೇಲೆ ಮೇಸ್ತ್ರಿ ಅಂಗಾತ ಮಲಗಿ, ಟಾರ್ಚ್ ಬಿಟ್ಟು ನೋಡಿ, "ಸ್ವಲ್ಪ ಟಚ್ ಆಗ್ತದೆ ಸಾರ್" ಎಂದರು. ಗ್ಯಾರೇಜಿನಲ್ಲಿ 'ಸ್ವಲ್ಪ' ಎಂದರೆ ಇಷ್ಟೇ ಎಂದು ಅಳೆದವರಿಲ್ಲ.

ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿಗೂ ಮುಂದಿನ ಆಕ್ಸಲ್ ಹೌಸಿಂಗಿಗೂ ನಡುವೆ ಬೆರಳು ತೂರುವಷ್ಟು ಜಾಗ. ಸಾಕಲ್ಲ ಅಂದೆ. ಮೇಸ್ತ್ರಿ ನಕ್ಕರು. ಗಾಡಿ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಪ್ಲೇಟುಗಳು ಚಪ್ಪಟೆಯಾಗಿ ಹೌಸಿಂಗ್ ಮೇಲಕ್ಕೆ ಬರುತ್ತದೆ. ನಮ್ಮ ತೋಟದ ದಾರಿಯಲ್ಲಿ ಗುಂಡಿಗಳ ನಡುವೆ ರಸ್ತೆ ಹುಡುಕಬೇಕು. ಸರಿ, ಮೌಂಟಿಂಗ್ ಕೆಳಗೆ ದಪ್ಪ ಪಟ್ಟಿ ಕೊಟ್ಟು ಎಂಜಿನ್ ಎತ್ತಿದರು. ಚೇಂಬರ್ ಬಚಾವಾಯಿತು, ಏರ್ ಕ್ಲೀನರ್ ಬಾನೆಟ್ಟಿಗೆ ತಲೆ ಕೊಟ್ಟಿತು.

ನಮ್ಮ ಜೀಪಿನ ಬಾನೆಟ್ಟಿನ ಎತ್ತರಕ್ಕೆ ಕಾರಣವೂ ಇದೇ ರೋಗ. ವಿಲ್ಲಿಸ್ ಕಂಪನಿಯ ಹೊಸ ಹರಿಕೇನ್ ಎಂಜಿನ್ ಹಳೇ ಬಾನೆಟ್ಟಿನಡಿ ಹಿಡಿಸದೆ, 1953ರ ಸಿಜೆ-3ಬಿ ಮಾಡೆಲ್ಲಿಗೆ ಬಾನೆಟ್ಟನ್ನೇ ಎತ್ತರಿಸಿದರು. ಅದೇ ಮೂತಿಯ ಜೀಪನ್ನು ಮಹೀಂದ್ರಾ ಇಲ್ಲಿ ದಶಕಗಟ್ಟಲೆ ತಯಾರಿಸಿತು. ಅಮೆರಿಕದ ಎಂಜಿನಿಯರುಗಳೇ ಸೋತ ಜಾಗದಲ್ಲಿ ಮೇಸ್ತ್ರಿ ನಮ್ಮ ಮನೆಯಿಂದ ಚಪಾತಿ ಹಿಟ್ಟು ತರಿಸಿದರು.

ಕಲಸಿದ ಹಿಟ್ಟಿನ ಉಂಡೆಯನ್ನು ಏರ್ ಕ್ಲೀನರ್ ಮೇಲಿಟ್ಟು ಬಾನೆಟ್ ಮುಚ್ಚಿ ತೆಗೆಯುವುದು. ಹಿಟ್ಟು ಎಷ್ಟು ದಪ್ಪ ಉಳಿಯಿತೋ ಅಷ್ಟು ಜಾಗ ಇದೆ ಎಂದರ್ಥ. ಕಣ್ಣು ಹಾಯದ ಕಡೆ ಇದಕ್ಕಿಂತ ಸತ್ಯ ಹೇಳುವ ಅಳತೆಗೋಲಿಲ್ಲ. ನಮ್ಮ ಉಂಡೆ ಕಾಗದವಾಗಿ ಎದ್ದು ಬಂತು. ಮನೆಯವಳು, "ಅಳತೆ ಮುಗೀತಾ, ರಾತ್ರಿಗೂ ಇದೇ ಹಿಟ್ಟು" ಎಂದಳು.

ಏರ್ ಕ್ಲೀನರನ್ನು ಪಕ್ಕಕ್ಕೆ ಸರಿಸಿ ರಬ್ಬರ್ ಹೋಸ್ ಹಾಕಿದೆವು. ಆಗ ಫ್ಯಾನು ರೇಡಿಯೇಟರ್ ಮುಟ್ಟುವಂತಿರುವುದು ಕಂಡಿತು. ಎಂಜಿನ್ ಹಿಂದಕ್ಕೆ ತಳ್ಳೋಣವೆಂದರೆ ಪ್ರೊಪೆಲ್ಲರ್ ಶಾಫ್ಟ್ ಉದ್ದವಾಗುತ್ತದೆ. ಅದನ್ನು ಕತ್ತರಿಸಿ ಲೇತಿಗೆ ಕೊಡಬೇಕು. ಕೊನೆಗೆ ಎಂಜಿನ್ ಫ್ಯಾನ್ ಬಿಚ್ಚಿಸಿ, ರೇಡಿಯೇಟರ್ ಮುಂದುಗಡೆ ಕರೆಂಟ್ ಫ್ಯಾನ್ ಕೂರಿಸಿದೆವು.

ಸ್ಟಾರ್ಟ್ ಮಾಡಿದರೆ ಹೊಸ ನಾಟಕ. ಎಂಜಿನ್ ಕೂರುವುದು ರಬ್ಬರ್ ಮೇಲೆ. ಆಕ್ಸಿಲೇಟರ್ ಒತ್ತಿದೊಡನೆ ಅದು ಯಕ್ಷಗಾನದ ಬಣ್ಣದ ವೇಷದಂತೆ ಒಂದು ಪಕ್ಕಕ್ಕೆ ವಾಲಿ ಗುಟುರು ಹಾಕಿತು. ನಿಂತಾಗ ಸ್ಟೇರಿಂಗ್ ಬಾಕ್ಸಿನಿಂದ ದೂರವಿದ್ದ ಸೈಲೆನ್ಸರ್ ಪೈಪು ಆಗ ಟಣ್ ಎಂದಿತು. ಪೈಪನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಬ್ರೇಕ್ ಪೈಪಿನ ಹತ್ತಿರ ಹೋಯಿತು. ಅಲ್ಲಿ ಮುಟ್ಟುವುದೇ ಬೇಡ, ಬಿಸಿ ತಾಗಿದರೂ ಕೆಟ್ಟಿತು. ಬ್ರೇಕ್ ಆಯಿಲ್ ಕುದಿದರೆ ಇಳಿಜಾರಿನಲ್ಲಿ ಪೆಡಲ್ ನೆಲಕ್ಕಿಳಿಯುತ್ತದೆ. ಬ್ರೇಕ್ ಪೈಪನ್ನೇ ಚಾಸಿಯ ಇನ್ನೊಂದು ಬದಿಯಿಂದ ತಂದದ್ದಾಯಿತು.

ಎಲ್ಲ ಮುಗಿಯಿತು ಅಂದುಕೊಂಡಾಗ ಆಯಿಲ್ ಫಿಲ್ಟರ್ ಉಳಿದಿತ್ತು. ಅದು ಯಾವುದಕ್ಕೂ ತಾಗುತ್ತಿರಲಿಲ್ಲ. ಆದರೆ ಅದನ್ನು ಬಿಚ್ಚಲು ಕೈ ಹೋಗುತ್ತಿರಲಿಲ್ಲ. "ಇದಕ್ಕೇನು ಮಾಡೋದು?" ಅಂದೆ. "ಆಯಿಲ್ ಚೇಂಜಿಗೆ ಎಂಜಿನ್ ಇಳಿಸಿದರಾಯ್ತು ಸಾರ್" ಎಂದು ಮೇಸ್ತ್ರಿ ಗಂಭೀರವಾಗಿ ಹೇಳಿ, ಅಡ್ಡವಿದ್ದ ಬ್ರಾಕೆಟ್ಟಿಗೆ ಗ್ಯಾಸ್ ಕಟ್ಟರ್ ಹಿಡಿದರು.

ಎಂಜಿನ್ ಬದಲಿಸುವ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು, ಬದಲಿಸಿದ ಮೇಲೆ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಬೇಕೆನ್ನುವುದು ಕಾನೂನು. ಅದನ್ನು ತಪ್ಪಿಸಬೇಡಿ. ಅದಕ್ಕೂ ಮೊದಲು, ಎಂಜಿನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ, ಗಾಡಿಯ ಹೊಟ್ಟೆಗೆ ಟೇಪು ಹಿಡಿಯಿರಿ: ಕುಲುಕಾಟಕ್ಕೆ ಒಂದಿಷ್ಟು, ಬಿಸಿಗೆ ಒಂದಿಷ್ಟು, ಸ್ಪ್ಯಾನರ್ ಹಿಡಿದ ಕೈಗೆ ಒಂದಿಷ್ಟು ಜಾಗ ಬಿಡಿ. ಹಿಟ್ಟು ಸ್ವಲ್ಪ ಜಾಸ್ತಿಯೇ ಕಲಸಿಡಿ.